ಬಿಳಿ ಬಟ್ಟೆಗೆ ಬಖೂರ್ ಹಿಡಿದ ವರ್ಷ

ನನ್ನಿಂದ ಡಿಗ್ರಿ ಆಗುವ ಮಾತೇ ಇಲ್ಲ ಎಂದವರು ಸಂಜೀವ ಭಾವ. ಹೊರಗಿನವರಲ್ಲ, ಶತ್ರುವೂ ಅಲ್ಲ, ಅಕ್ಕನ ಗಂಡ. ಮನಾಮಾದ ಹಳೆ ಪೇಟೆಯ ಹಿಂದಿನ ಗಲ್ಲಿಯಲ್ಲಿ ಲಾಂಡ್ರಿ ಇಟ್ಟುಕೊಂಡಿರುವ ಅವರು ನನ್ನನ್ನು ಅದೇ ಲಾಂಡ್ರಿಯ ವೀಸಾದಲ್ಲಿ ಬಹರೈನಿಗೆ ಕರೆಸಿಕೊಂಡಿದ್ದರು. ಊಟಕ್ಕೆ ಕೂತಾಗ, ಗಿರಾಕಿಗಳ ಎದುರು, ಊರಿಗೆ ಫೋನ್ ಮಾಡಿದಾಗ, ಎಲ್ಲ ಕಡೆಯೂ ಒಂದೇ ತಮಾಷೆ. "ನಮ್ಮ ಸುಮತಿ ಬಿ.ಎ. ಮಾಡ್ತಾ ಇದ್ದಾಳೆ ಮಾರಾಯ್ರೆ. ಅವಳದ್ದು ಮುಗಿಯುವಾಗ ನನ್ನ ಮೊಮ್ಮಕ್ಕಳದ್ದೂ ಮುಗೀತದೆ, ಒಟ್ಟಿಗೇ ಫೋಟೋ ತೆಗೆಸ್ಲಿಕ್ಕೆ ಆಗ್ತದೆ." ಕೇಳಿದವರು ನಗುತ್ತಿದ್ದರು. ಇಸ್ತ್ರಿಯ ಟೇಬಲಿನ ಹಿಂದೆ ನಿಂತು ನಾನೂ ನಗುತ್ತಿದ್ದೆ. ಅವರ ವೀಸಾದಲ್ಲಿ ನಿಂತು ಅವರ ತಮಾಷೆಗೆ ನಗದಿರುವುದು ಹೇಗೆ?

ಕಳೆದ ವಾರ ಸೀಫ್ ಬಡಾವಣೆಯ ಒಂದು ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಬಹರೈನಿ ಹೆಂಗಸು ನನ್ನ ಪಕ್ಕ ಬಂದು ನಿಂತರು. ಮೈಮೇಲೆ ಆಗಷ್ಟೇ ಬಖೂರ್ ಹೊಗೆ ಹಿಡಿಸಿದ ಕಪ್ಪು ಅಬಾಯ. ಬಖೂರ್, ಅಂದರೆ ಊದ್ ಮರದ ಚೂರಿಗೆ ಅತ್ತರು ಕೂಡಿಸಿ ಕೆಂಡದ ಮೇಲೆ ಹಾಕುವ ಇಲ್ಲಿನ ಧೂಪ. ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ನಾನು ಮೂಲೆಗೆ ಸರಿದೆ. ಹೋಗಬೇಕಾದ ಮಹಡಿ ಬಂದರೂ ಇಳಿಯಲಿಲ್ಲ. ಇಷ್ಟು ಒಳ್ಳೆಯ ಪರಿಮಳಕ್ಕೆ ಹೀಗೆ ಹೆದರುವವಳು ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು. ಅದಕ್ಕೆ ಕಾರಣ ಆ ಒಂದು ಋತು, ಸೆಖೆಯ ಕೊನೆಯಿಂದ ಮೊದಲ ಮಳೆಯವರೆಗಿನ ಕೆಲವು ತಿಂಗಳು.

ಆಗ ನಾನು ದೂರಶಿಕ್ಷಣದ ಕೊನೆಯ ವರ್ಷದಲ್ಲಿದ್ದೆ. ನಮ್ಮದು ಕಾಪುವಿನ ಕಡೆಯ ಮಡಿವಾಳರ ಮನೆ. ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಮನೆಯಲ್ಲಿ ಯಾರೂ ಇಲ್ಲ. ಅಮ್ಮ ಕಾಲೇಜಿಗೆ ಹೋದದ್ದುಂಟು, ಹಾಸ್ಟೆಲಿನ ಬಟ್ಟೆಯ ಗಂಟು ಹೊತ್ತುಕೊಂಡು, ಹಿಂಬಾಗಿಲಿನಿಂದ. ನಾನು ಆರಿಸಿಕೊಂಡ ವಿಷಯ ಕಲೆ ಮತ್ತು ಪ್ರದರ್ಶನ ನಿರ್ವಹಣೆ. ದೊಡ್ಡ ಆಸೆಯಿಂದಲ್ಲ. ಪಾಠಗಳ ಪೈಕಿ ಒಂದು ಹಳೆಯ ಬಟ್ಟೆಗಳನ್ನು ಕಾಪಾಡುವ ಬಗ್ಗೆ ಇತ್ತು. ಇಷ್ಟಾದರೂ ಅರ್ಥವಾದೀತು ಎಂದು ಸೇರಿದೆ.

ಬರೆಯುವ ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದದ್ದು ಒಂದೇ: ಯಾವುದಾದರೂ ನಿಜವಾದ ಪ್ರದರ್ಶನದಲ್ಲಿ ಮೊದಲಿನಿಂದ ಕೊನೆಯವರೆಗೆ ಕೆಲಸ ಮಾಡಿ, ನಡೆಸಿದವರ ಸಹಿ ತರಬೇಕು. ವರ್ಷ ಮುಗಿಯುವುದರೊಳಗೆ ತರಬೇಕು. ಭಾವ ತಮಾಷೆ ಬಿಟ್ಟು ಹೇಳಿದ್ದೂ ಅದೇ ಹೊತ್ತಿಗೆ. ಹೊಸ ವರ್ಷಕ್ಕೆ ವೀಸಾ ನವೀಕರಣ ಬರುತ್ತದೆ, ಅಂಗಡಿ ದೊಡ್ಡದಾಗುತ್ತದೆ, ಅಷ್ಟರಲ್ಲಿ ಆಗದಿದ್ದರೆ ಪುಸ್ತಕ ಕಟ್ಟಿಟ್ಟು ಪೂರ್ತಿ ದಿನ ಟೇಬಲಿಗೆ ಬರಬೇಕು. ಅದು ಆಗದಿದ್ದರೆ ಊರಿಗೆ ಟಿಕೇಟು. ಅಕ್ಕ ಸರೋಜ ಅಲ್ಲೇ ಇದ್ದಳು. ಗಂಡ ಹೇಳಿದ್ದಕ್ಕೆ ಎದುರಾಡುವವಳೂ ಅಲ್ಲ, ತಲೆಯಾಡಿಸುವವಳೂ ಅಲ್ಲ. ತನ್ನ ಪಾಡಿಗೆ ಬಟ್ಟೆ ಮಡಚುತ್ತಿರುತ್ತಾಳೆ.

ಸೀಫ್‌ನಲ್ಲಿ ಆಫೀಸಿದ್ದ ಒಂದು ಕಾರ್ಯಕ್ರಮ ಕಂಪೆನಿಯ ಕಿರಣ್ ಸರ್ ಸಿಕ್ಕಿದ್ದು ನಮ್ಮ ಲಾಂಡ್ರಿಯ ಗಿರಾಕಿಯಾಗಿ. ಬೆಂಗಳೂರಿನವರು. ಕನ್ನಡ ಕೇಳಿದರೆ ಮುಖ ಅರಳುತ್ತಿತ್ತು. ಪಕ್ಕದ ದ್ವೀಪ ಮುಹರ್ರಕ್‌ನ ಒಂದು ಹಳೆ ಮನೆಯಲ್ಲಿ ಕೊರಿಯಾದ ಈಗಿನ ಕಲಾವಿದರ ಕಲೆ ಮತ್ತು ಕೈಕೆಲಸದ ಪ್ರದರ್ಶನ ನಡೆಯಲಿದೆ, ಬಟ್ಟೆಯ ಕೆಲಸಗಳೂ ಇವೆ, ಕೈ ನಯವಾಗಿರುವ ಒಬ್ಬರು ಬೇಕು ಎಂದರು. ನಾನು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ನನಗೆ ಸಂಬಳ ಬೇಡ, ಒಂದು ಸಹಿ ಸಾಕು ಎಂದೆ. "ಸಹಿ ತಾನೇ? ಡನ್," ಎಂದು ಅವರು ತಮ್ಮ ಶರಟುಗಳ ಕಟ್ಟು ಎತ್ತಿಕೊಂಡು ಹೋದರು.

ಸೆಪ್ಟೆಂಬರಿನ ಸೆಖೆ ಇಲ್ಲಿಯವರಿಗೆ ಗೊತ್ತು. ಕಾಲು ಹೊರಗಿಟ್ಟರೆ ಕನ್ನಡಕದ ಮೇಲೆ ಮಂಜು ಕೂರುತ್ತದೆ, ಬಟ್ಟೆ ಮೈಗೆ ಅಂಟುತ್ತದೆ, ಸಮುದ್ರ ಹಬೆಯಾಡುತ್ತಿರುತ್ತದೆ. ಬೆಳಗ್ಗೆ ಲಾಂಡ್ರಿ, ಮಧ್ಯಾಹ್ನ ಸೇತುವೆ ದಾಟುವ ಬಸ್ಸು, ಮುಹರ್ರಕ್‌ನ ಹಲ್ವಾ ಅಂಗಡಿಗಳ ಸಾಲು ದಾಟಿ ಆ ಮನೆ. ಹವಳದ ಕಲ್ಲಿನ ದಪ್ಪ ಗೋಡೆ, ನಡುವೆ ಅಂಗಳ, ನೆಂಟರನ್ನು ಕೂರಿಸುವ ಉದ್ದನೆಯ ಒಂದು ಮಜ್ಲಿಸ್ ಕೋಣೆ. ಮನೆತನದವರೆಲ್ಲ ಹೊಸ ಬಡಾವಣೆಗಳಿಗೆ ಹೋಗಿದ್ದರು. ಹಿಂದಿನ ಎರಡು ಕೋಣೆಗಳಲ್ಲಿ ಮಾತ್ರ ಆ ಮನೆಯ ಹಿರಿಯ ಹೆಂಗಸು ಉಮ್ಮ್ ಜಾಸಿಂ ಉಳಿದಿದ್ದರು. ನಮ್ಮ ದೇಶದ ಜೊತೆ ವ್ಯಾಪಾರ ನಡೆಸುತ್ತಿದ್ದ ಹಳೆಯ ಕಾಲದವರಾದ್ದರಿಂದ ಹಿಂದಿ ಚೆನ್ನಾಗಿ ಬರುತ್ತಿತ್ತು. ದಿನವೂ ನನ್ನನ್ನು ಕರೆದು ಖರ್ಜೂರ, ಕಹ್ವಾ ಕಾಫಿ ಕೊಟ್ಟು, ಮದುವೆ ಯಾಕೆ ಆಗಲಿಲ್ಲ ಎಂದು ವಿಚಾರಿಸುತ್ತಿದ್ದರು. ಓದು ಮುಗಿಯಲಿ ಎಂದರೆ, "ಓದು ಮುಗಿಯುವುದಿಲ್ಲ ಮಗಳೇ, ಹಲ್ಲು ಮುಗಿಯುತ್ತದೆ," ಎಂದು ತಮ್ಮ ಬೊಚ್ಚು ಬಾಯಿ ತೋರಿಸಿ ನಗುತ್ತಿದ್ದರು.

ಪೆಟ್ಟಿಗೆಗಳು ಬಂದವು. ಜೊತೆಗೆ ಕೊರಿಯಾದಿಂದ ಇಬ್ಬರು: ಪ್ರದರ್ಶನವನ್ನು ರೂಪಿಸಿದ ಕ್ಯುರೇಟರ್ ಮಿನ್‌ಜಿ ಎಂಬ ಹುಡುಗಿ, ಮತ್ತು ಅವಳು ಟೀಚರ್ ಎಂದು ಕರೆಯುತ್ತಿದ್ದ ಅರವತ್ತು ದಾಟಿದ ಕಲಾವಿದೆ. ನಾವೂ ಹಾಗೇ ಕರೆದೆವು. ಟೀಚರಿಗೆ ಕೊರಿಯನ್ ಬಿಟ್ಟು ಬೇರೆ ಬಾರದು. ಮಿನ್‌ಜಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ಮಣ್ಣಿನ ದುಂಡು ಜಾಡಿಗಳಿದ್ದವು, ಅರಗು ಬಳಿದ ಬಟ್ಟಲುಗಳಿದ್ದವು, ಕಾಗದವನ್ನು ಹೊಸೆದು ಹೆಣೆದ ಬುಟ್ಟಿಗಳಿದ್ದವು. ಆದರೆ ಪ್ರದರ್ಶನದ ಜೀವ ಟೀಚರ್ ಹೊಲಿದ ಬಿಳಿ ಬಟ್ಟೆ. ರಾಮಿ ಎಂಬ ನಾರಿನದು. ಸಣ್ಣ ಸಣ್ಣ ತುಂಡುಗಳನ್ನು ಕೂಡಿಸಿದ, ಗಾಜಿನಂತೆ ಬೆಳಕು ಹಾಯುವ ಪರದೆ. ಮಜ್ಲಿಸ್‌ನ ತೊಲೆಯಿಂದ ನೆಲಕ್ಕೆ ಒಂದು ಮೊಳ ಇರುವಷ್ಟು ಉದ್ದ. ಹಳೆಯ ಕಾಲದಲ್ಲಿ ಅವರಲ್ಲಿ ವಸ್ತುಗಳನ್ನು ಕಟ್ಟಿಡಲು ಹೀಗೇ ತುಂಡು ಕೂಡಿಸಿದ ಬಟ್ಟೆ ಮಾಡುತ್ತಿದ್ದರಂತೆ. ಟೀಚರ್ ಅದನ್ನು ಗೋಡೆಯಷ್ಟು ದೊಡ್ಡದು ಮಾಡಿದ್ದರು. ಹೊಲಿಗೆಗೆ ಹಿಂಬದಿ ಮುಂಬದಿ ಎಂಬುದೇ ಇಲ್ಲ. ಯಾವ ಕಡೆಯಿಂದ ನೋಡಿದರೂ ಒಂದೇ ಸಪೂರ ಗೆರೆ.

ಪೆಟ್ಟಿಗೆ ತೆರೆದಾಗ ನಾನು ಮಾಡಿದ್ದು ಲಾಂಡ್ರಿಯಲ್ಲಿ ಮಾಡುವುದನ್ನೇ. ಬಟ್ಟೆ ಕೈಗೆ ಬಂದ ಕೂಡಲೇ ಮೂಸಿ ನೋಡುವುದು. ಮನಾಮಾದಲ್ಲಿ ಇದನ್ನು ಮಾಡದೆ ಲಾಂಡ್ರಿ ನಡೆಯುವುದಿಲ್ಲ, ಯಾಕೆಂದರೆ ಬಖೂರ್ ಹಿಡಿಸಿದ ತೋಬಿನಿಂದ, ಅಂದರೆ ಇಲ್ಲಿನ ಗಂಡಸರ ಉದ್ದನೆಯ ಬಿಳಿ ಅಂಗಿಯಿಂದ, ಪರಿಮಳ ಹೋದರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ನಾನು ಬಗ್ಗಿದ್ದು ನೋಡಿ ಟೀಚರ್ ನಗಲಿಲ್ಲ. ಅವರೂ ಇನ್ನೊಂದು ತುದಿಯಲ್ಲಿ ಬಗ್ಗಿ ಮೂಸಿದರು. ಒಣ ಹುಲ್ಲಿನ ವಾಸನೆ, ಅಷ್ಟೇ. ನಮ್ಮಿಬ್ಬರ ತಲೆಗಳು ಒಂದೇ ಬಟ್ಟೆಯ ಮೇಲೆ. ಮಿನ್‌ಜಿ ಫೋಟೋ ತೆಗೆದಳು.

ಆಮೇಲೆ ಹಲವು ದಿನ ನೇತುಹಾಕುವ ಕೆಲಸ. ಟೀಚರಿಗೆ ಒಂದು ಕೂದಲೆಳೆಯಷ್ಟು ವಾರೆಯಾದರೂ ಆಗದು. ಏಣಿ ಹತ್ತಿ ಇಳಿದು ನನ್ನ ಮೊಣಕಾಲು ಬಿಟ್ಟುಹೋಯಿತು. ಭಾವನ ತಮಾಷೆ ಹೊಸ ರೂಪ ತಾಳಿತ್ತು: "ಕೊರಿಯಾದವರ ಬಟ್ಟೆ ಒಣಗಿಸ್ಲಿಕ್ಕೆ ಹೋಗ್ತಾಳೆ, ಇಲ್ಲಿದ್ದು ಒದ್ದೆ ಬಿದ್ದುಕೊಂಡುಂಟು." ನನಗೆ ತಾಗಲಿಲ್ಲ. ಆ ದಿನಗಳಲ್ಲಿ ನಾನು ಬಸ್ಸಿನಲ್ಲಿ ಕೂತು ನನ್ನ ಹೆಸರಿನ ಮುಂದೆ ಬಿ.ಎ. ಸೇರಿಸಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಉದ್ಘಾಟನೆಗೆ ಎರಡು ದಿನವಿರುವಾಗ ಮಧ್ಯಾಹ್ನ ಬಾಗಿಲು ತಳ್ಳಿದೆ. ಒಳಗೆ ಕಾಲಿಡುವ ಮೊದಲೇ ಗೊತ್ತಾಯಿತು. ಮಜ್ಲಿಸ್ ತುಂಬ ಊದ್. ಒಳ್ಳೆಯ ಊದ್, ದೊಡ್ಡವರ ಮನೆಯ ಊದ್. ಬಿಳಿ ಪರದೆಯ ಸರಿ ಕೆಳಗೆ ನೆಲದ ಮೇಲೆ ಮಬ್ಖರ, ಧೂಪದ ಆ ಚಿಕ್ಕ ಗೂಡು, ಇನ್ನೂ ಹೊಗೆಯಾಡುತ್ತಿತ್ತು. ಬಟ್ಟೆಯ ಕೆಳಗಿನ ಸಾಲುಗಳಿಗೆ ತಿಳಿ ಹಳದಿ ಏರಿತ್ತು, ಹಾಲಿನ ಪಾತ್ರೆಯ ಅಂಚಿನ ಹಾಗೆ. ಮುಖ ಹತ್ತಿರ ತಂದೆ. ಹುಲ್ಲಿನ ವಾಸನೆಯ ಗುರುತೂ ಇರಲಿಲ್ಲ. ಇದು ತೊಳೆದರೆ ಹೋಗುವುದಲ್ಲ ಎಂದು ನನ್ನಷ್ಟು ಚೆನ್ನಾಗಿ ಆ ಊರಿನಲ್ಲಿ ಯಾರಿಗೆ ಗೊತ್ತಿತ್ತು? ನಾನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಉಮ್ಮ್ ಜಾಸಿಂ ಹಿಂದಿನಿಂದ ಬಂದು ಹೆಮ್ಮೆಯಿಂದ ವಿವರಿಸಿದರು. ಇಲ್ಲಿನ ಮನೆಗಳಲ್ಲಿ ನೆಂಟರು ಬರುವ ಮುಂಚೆ ಬಟ್ಟೆಗಳನ್ನು ಎತ್ತರಕ್ಕೆ ನೇತುಹಾಕಿ ಕೆಳಗೆ ಕೆಂಡ ಇಡುವುದು ಪದ್ಧತಿ. ಇಷ್ಟು ಚೆಂದದ ಬಿಳಿ ಬಟ್ಟೆ ದಿನಗಟ್ಟಲೆ ನೇತಾಡುತ್ತಿದೆ, ಈ ಪರದೇಶದ ಹೆಂಗಸಿಗೆ ಕೆಂಡ ಎಲ್ಲಿ ಸಿಗುತ್ತದೆಂದು ತಿಳಿಯದೆ ಕಾಯುತ್ತಿದ್ದಾಳೆ ಎಂದುಕೊಂಡರಂತೆ. ತಮ್ಮ ಮದುವೆಯಿಂದ ಎತ್ತಿಟ್ಟಿದ್ದ ಊದ್ ತೆಗೆದು ಬೆಳಗ್ಗಿನಿಂದ ಹೊಗೆ ಹಾಕಿದ್ದರು. ಮನೆ ಅವರದ್ದು, ಬೀಗದ ಕೈ ಅವರದ್ದು. ನನ್ನ ಬಾಯಿಂದ ಒಂದು ಶಬ್ದ ಬರಲಿಲ್ಲ. ಸಂತೋಷಕ್ಕೆ ಮಾತು ನಿಂತಿದೆ ಎಂದು ತಿಳಿದು ಅವರು ನನ್ನ ಕೆನ್ನೆ ತಟ್ಟಿದರು.

ಫೋನ್ ಮಾಡಿದೆ. ಕಿರಣ್ ಸರ್ ಸೀಫ್‌ನಿಂದ ಹಾರಿಬಂದರು. ಬಾಗಿಲುಗಳನ್ನೆಲ್ಲ ತೆರೆಸಿ ಫ್ಯಾನ್ ಇಡಿಸಿದರು. ಹೊರಗಿನ ಹಬೆ ಒಳಗೆ ಬಂದು ಬಟ್ಟೆ ಜೋತುಬಿತ್ತು, ಮತ್ತೆ ಮುಚ್ಚಿಸಿದರು. ಅಂಗಳದ ಮೂಲೆಗೆ ನನ್ನನ್ನು ಕರೆದರು. ಬೆವರಿಗೆ ಅವರ ಶರಟು ಬೆನ್ನಿಗೆ ಅಂಟಿತ್ತು. ಆ ಮನೆತನಕ್ಕೆ ಬೇಸರವಾದರೆ ಇನ್ನು ಮುಹರ್ರಕ್‌ನಲ್ಲಿ ಯಾರೂ ಕಂಪೆನಿಗೆ ಮನೆ ಕೊಡುವುದಿಲ್ಲ, ಕೊರಿಯಾದವರು ಪರಿಹಾರ ಕೇಳಿದರೆ ತಮ್ಮ ಕೆಲಸ ಹೋಗುತ್ತದೆ, ಇಬ್ಬರು ಮಕ್ಕಳು ಇಲ್ಲಿ ಶಾಲೆಗೆ ಹೋಗುತ್ತಿದ್ದಾರೆ ಎಂದರು.

"ನಾನು ಸುಳ್ಳು ಹೇಳಿ ಅಂತಿಲ್ಲ ಸುಮತಿ. ಕ್ರೇಟ್ ಓಪನ್ ಮಾಡ್ದಾಗ ಸ್ಮೆಲ್ ಇತ್ತೋ ಇಲ್ವೋ ಗೊತ್ತಿಲ್ಲ ಅನ್ನಿ. ಅಷ್ಟೇ. ಶಿಪ್ಪಿಂಗ್‌ನಲ್ಲಿ ಆಗಿರ್ಬೋದು ಅಂತ ಅವರೇ ಅಂದ್ಕೋತಾರೆ. ನಿಮ್ಮ ಸರ್ಟಿಫಿಕೇಟ್ ನನ್ನ ಡ್ರಾಯರ್‌ನಲ್ಲಿ ರೆಡಿ ಇದೆ, ಸೈನ್ ಒಂದು ಬಾಕಿ."

ಬೆದರಿಕೆಯ ದನಿ ಅಲ್ಲ. ಹಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬೇಡಿಕೊಳ್ಳುವ ದನಿ.

ಆ ಸಂಜೆ ಲಾಂಡ್ರಿಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ನಮ್ಮ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೊತ್ತಿಲ್ಲ ಎನ್ನಲೇ ಎಂದು ಕೇಳಿದೆ. ಅಕ್ಕ ಹಬೆಯ ಇಸ್ತ್ರಿಯನ್ನು ನಿಲ್ಲಿಸದೆ, "ಮೂಸಿದ್ದು ಹೌದಾ ಅಲ್ವಾ?" ಎಂದಳು. ಹೌದು ಎಂದೆ. "ಮತ್ತೆ ನನ್ನತ್ರ ಎಂತ ಕೇಳುದು? ನಾನು ಹೇಳಿದ್ರೆ ನೀನು ಜೀವಮಾನ ಪೂರ್ತಿ ನನ್ನನ್ನೇ ಬೈತಿ," ಎಂದಳು. ನನಗೆ ಅಕ್ಕನ ಮೇಲೂ ಸಿಟ್ಟು ಬಂತು. ಒಂದು ಮಾತು, ಹೀಗೆ ಮಾಡು ಎನ್ನುವ ಒಂದೇ ಮಾತು ಯಾರಾದರೂ ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಮರುದಿನ ಬೆಳಗ್ಗೆ ಟೀಚರ್ ಬಂದರು. ಪರದೆಯ ಎದುರು ನಿಂತರು. ಕೂಗಾಡಲಿಲ್ಲ. ಚಪ್ಪಲಿ ತೆಗೆದು ಹತ್ತಿರ ಹೋಗಿ, ಅಂಚನ್ನು ಹಿಡಿದು, ಅಂದು ಮೂಸಿದ ಹಾಗೇ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಕಿರಣ್ ಸರ್ ಇಂಗ್ಲಿಷಿನಲ್ಲಿ ಸಾಗಣೆ, ಬಂದರು, ಹವಾಮಾನ ಎಂದೆಲ್ಲ ಹೇಳುತ್ತಿದ್ದರು. ಟೀಚರ್ ತಲೆಯೆತ್ತಿ ಅವರನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು. ಏನೋ ಕೇಳಿದರು. ಮಿನ್‌ಜಿ ಅದನ್ನು ತಿರುಗಿಸಿದಳು: "ನಾವಿಬ್ಬರೂ ಸೇರಿ ಮೂಸಿದ್ದೆವು. ಆಗ ಹೀಗಿತ್ತೇ ಎಂದು ಟೀಚರ್ ಕೇಳುತ್ತಿದ್ದಾರೆ."

ಗೊತ್ತಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಬಹಳ ಚಿಕ್ಕ ಮಾತು. ಆದರೆ ಅದನ್ನು ಆ ಮುಖಕ್ಕೆ ಹೇಳುವುದೆಂದರೆ, ನೀವು ಮೂಸಿದ್ದೂ ಸುಳ್ಳು ಎಂದು ಹೇಳಿದ ಹಾಗೆ. ನನ್ನಿಂದ ಆಗಲಿಲ್ಲ. ಇರಲಿಲ್ಲ, ಇದು ನಿನ್ನೆ ಇಲ್ಲೇ ಆದದ್ದು ಎಂದೆ. ಯಾರು ಎಂದು ಕೇಳಿದರು. ಮನೆಯ ಅಮ್ಮ, ಹಾಳು ಮಾಡಲಿಕ್ಕಲ್ಲ, ಮರ್ಯಾದೆಗೆ ಮಾಡಿದ್ದು ಎಂದೆ. ನನ್ನ ಹರಕು ಇಂಗ್ಲಿಷಿನಲ್ಲಿ ಎಷ್ಟು ತಲುಪಿತೋ. ಕಿರಣ್ ಸರ್ ಗೋಡೆಯ ಕಡೆ ತಿರುಗಿ ನಿಂತರು.

ಟೀಚರ್ ಆ ಅಮ್ಮನನ್ನು ನೋಡಬೇಕೆಂದರು. ಹೇಳಿ ಕಳಿಸಿದೆವು. ಉಮ್ಮ್ ಜಾಸಿಂ ಹೊಸ ಅಬಾಯ ತೊಟ್ಟು, ಕೈಯಲ್ಲಿ ಮತ್ತೊಂದು ಮಬ್ಖರ ಹಿಡಿದು ಬಂದರು. ಅತಿಥಿ ಧನ್ಯವಾದ ಹೇಳಲು ಕರೆದಿದ್ದಾಳೆ ಎಂದುಕೊಂಡಿದ್ದರು. ಹೊಗೆಯನ್ನು ಟೀಚರ್ ಕಡೆ ಕೈಯಿಂದ ಬೀಸಿದರು. ಆಮೇಲೆ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಹಿಂದಿಯಲ್ಲಿ ನನ್ನನ್ನೇ ಕೇಳಿದರು: "ಬಟ್ಟೆ ಕೆಟ್ಟಿತೇ ಮಗಳೇ? ನಿನ್ನೆ ನೀನು ಯಾಕೆ ಹೇಳಲಿಲ್ಲ?" ಉತ್ತರಕ್ಕೆ ಕಾಯದೆ, ಹೊಸ್ತಿಲ ಬಳಿ ಕೂತು ಕೆಂಡದ ಮೇಲೆ ಬೂದಿ ಎಳೆದು, ಮಬ್ಖರವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಹಿಂದಿನ ಕೋಣೆಯ ಬಾಗಿಲಿಗೆ ಚಿಲಕ ಬಿದ್ದದ್ದು ಕೇಳಿಸಿತು. ಮತ್ತೆ ಅವರು ನನ್ನನ್ನು ಖರ್ಜೂರಕ್ಕೆ ಕರೆಯಲಿಲ್ಲ. ಎದುರು ಸಿಕ್ಕರೆ ಸಲಾಂಗೆ ಸಲಾಂ, ಅಷ್ಟೇ.

ಟೀಚರ್ ಬಟ್ಟೆಯನ್ನು ಇಳಿಸಿದರು. ಇದು ತಾನು ಮಾಡಿದ ಕೆಲಸ ಅಲ್ಲ, ತೋರಿಸಲಾರೆ ಎಂದರು. ಇಳಿಸಲು ಏಣಿ ಹಿಡಿದವಳು ನಾನು. ಉದ್ಘಾಟನೆಯ ದಿನ ಗಣ್ಯರು ಬಂದರು, ಜಾಡಿಗಳನ್ನೂ ಬುಟ್ಟಿಗಳನ್ನೂ ನೋಡಿದರು, ಫೋಟೋ ತೆಗೆಸಿಕೊಂಡರು. ಮಜ್ಲಿಸ್‌ನ ನಡುವೆ ಬರಿಯ ತೊಲೆ. ಕೆಲವರು ಅದನ್ನೂ ಕಲೆಯೆಂದು ತಿಳಿದು ಬಹಳ ಹೊತ್ತು ನೋಡಿದರು.

ಸಹಿ ಸಿಗಲಿಲ್ಲ. ಆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನಾನು ಸೀಫ್‌ಗೆ ಎಷ್ಟು ಸಲ ಹೋದೆನೋ. ಸರ್ ಮೀಟಿಂಗ್‌ನಲ್ಲಿದ್ದಾರೆ. ಸರ್ ದುಬೈಗೆ ಹೋಗಿದ್ದಾರೆ. ಒಮ್ಮೆ ಗಾಜಿನ ಗೋಡೆಯಾಚೆ ಅವರು ಕಾಣುತ್ತಲೇ ಇದ್ದರು, ಸರ್ ಇಲ್ಲ ಎಂದು ಹೇಳಿದ ಹುಡುಗಿಗೇ ನಾಚಿಕೆಯಾಗಿ ನನಗೆ ನೀರು ತಂದುಕೊಟ್ಟಳು. ಕೊನೆಗೆ ಪಾರ್ಕಿಂಗ್‌ನಲ್ಲಿ ಸಿಕ್ಕರು. "ನಾನು ಸೈನ್ ಮಾಡಿದ್ರೆ, ನೀವು ಸರಿಯಾಗಿ ಕೆಲಸ ಮಾಡಿದ್ರಿ ಅಂತ ಬರ್ಕೊಟ್ಟ ಹಾಗಾಗುತ್ತೆ. ಹಾಗಿದ್ರೆ ತಪ್ಪು ಯಾರ್ದು ಅಂತ ಕೇಳ್ತಾರೆ. ನೀವೇ ಹೇಳಿ, ನಾನೇನ್ ಮಾಡ್ಲಿ?" ಎಂದು ಕಾರಿನ ಬಾಗಿಲು ಹಾಕಿಕೊಂಡರು. ಅವರ ಶರಟುಗಳೂ ಲಾಂಡ್ರಿಗೆ ಬರುವುದು ನಿಂತಿತು. ಭಾವನಿಗೆ ಒಬ್ಬ ಗಿರಾಕಿ ಹೋದ ಲೆಕ್ಕವೂ ನನ್ನ ತಲೆಗೇ ಬಂತು.

ಮನೆಯಲ್ಲಿ ತಮಾಷೆ ನಿಂತುಹೋದದ್ದು ನನಗೆ ಹೆಚ್ಚು ಭಯ ಹುಟ್ಟಿಸಿತು. ಭಾವ ಎರಡನೆಯ ಟೇಬಲ್ ತರಿಸಿ ನನ್ನ ಜಾಗದ ಪಕ್ಕ ಹಾಕಿಸಿದರು. ಬೆಳಗ್ಗೆ ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಇಲ್ಲಿನ ಗಂಡಸರು ತಲೆಗೆ ಹೊದೆಯುವ ಬಿಳಿ ಘುತ್ರಗಳಿಗೆ ಗಂಜಿ ಹಾಕಿ ಅಂಚು ಕೂರಿಸುತ್ತ, ಇನ್ನು ಸಾಯುವವರೆಗೆ ಇದೇ, ಒಂದು ಶಬ್ದ ನುಂಗಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸತ್ಯ ಹೇಳಿದವಳಿಗೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಆಗಲಿಲ್ಲ. ಇದನ್ನು ಓದುವವರು ನಂಬಬೇಕು, ಒಂದು ದಿನವೂ ಆಗಲಿಲ್ಲ.

ಡಿಸೆಂಬರಿನಲ್ಲಿ ಪ್ರದರ್ಶನ ಬಿಚ್ಚುವ ದಿನ ಮೊದಲ ಮಳೆ ಬಿತ್ತು. ಈ ಊರಿನ ರಸ್ತೆಗಳಿಗೆ ಮಳೆಯ ಅಭ್ಯಾಸವಿಲ್ಲ. ಹನಿ ಬಿದ್ದರೆ ಸಾಕು, ಕೆರೆ. ಬಸ್ಸು ಸೇತುವೆಯ ಮೇಲೆಯೇ ನಿಂತಿತು. ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಯಾರೂ ಕರೆದಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಎಂದು ನಿಯಮದಲ್ಲಿತ್ತಲ್ಲ, ಕೊನೆ ಬಾಕಿ ಇತ್ತು. ಕಂಪೆನಿಯ ಕೆಲಸದವರು ಮಳೆಗೆ ಬಂದಿರಲಿಲ್ಲ. ಕೊರಿಯಾದಿಂದ ಮತ್ತೆ ಬಂದಿದ್ದ ಟೀಚರ್ ಮತ್ತು ಮಿನ್‌ಜಿ ಇಬ್ಬರೇ ಜಾಡಿಗಳ ನಡುವೆ ಕೂತಿದ್ದರು.

ಮಿನ್‌ಜಿಯನ್ನು ನಾನೇ ಕೇಳಿದೆ. ಸುತ್ತಿಬಳಸಿ ಅಲ್ಲ. ನನಗೆ ಸಹಿ ಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ, ಕಂಪೆನಿ ಕೊಡುವುದಿಲ್ಲ, ನೀವು ಕೊಡುತ್ತೀರಾ ಎಂದೆ. ಅವಳು ಟೀಚರ್ ಕಡೆ ತಿರುಗಿ ಮಾತಾಡಿದಳು. ಟೀಚರ್ ನನ್ನ ಒದ್ದೆ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಕೆಲಸ ಮುಗಿಯಲಿ ಎಂದರಂತೆ. ಇಡೀ ದಿನ ಒಂದೊಂದು ಬಟ್ಟಲನ್ನೂ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದೆವು. ನನ್ನ ಗಂಟನ್ನು ಟೀಚರ್ ಬಿಚ್ಚುತ್ತಿದ್ದರು, ನಾನು ಮತ್ತೆ ಹಾಕುತ್ತಿದ್ದೆ. ಬೈಯಲಿಲ್ಲ, ಹೊಗಳಲೂ ಇಲ್ಲ. ಕೊನೆಯ ಪೆಟ್ಟಿಗೆಗೆ ಮೊಳೆ ಬಿದ್ದ ಮೇಲೆ ಆ ಬಿಳಿ ಬಟ್ಟೆ ಏನಾಯಿತೆಂದು ಧೈರ್ಯ ಮಾಡಿ ಕೇಳಿದೆ. ಕೊರಿಯಾದ ನನ್ನ ಮನೆಯ ಅಂಗಳದಲ್ಲಿ ನೇತುಹಾಕಿದ್ದೇನೆ, ವಾಸನೆ ಹೋಗಿಲ್ಲ, ಇನ್ನೂ ಸಿಟ್ಟು ಬರುತ್ತದೆ ಎಂದರು. ಆಮೇಲೆ ಕೈ ಒರೆಸಿಕೊಂಡು, ಮಿನ್‌ಜಿಯ ಸಹಿಯ ಕೆಳಗೆ ತಮ್ಮದೂ ಒಂದು ಕೆಂಪು ಮುದ್ರೆ ಒತ್ತಿದರು.

ನಮ್ಮ ದೂರಶಿಕ್ಷಣ ಕೇಂದ್ರದವರು ಆ ಕೆಂಪು ಮುದ್ರೆಯನ್ನು ಅನುಮಾನದಿಂದ ತಿರುಗಿಸಿ ನೋಡಿದರು. ಸ್ಥಳೀಯ ಕಂಪೆನಿಯದ್ದು ಯಾಕಿಲ್ಲ ಎಂದು ಕೇಳಿದರು. ಮೇಲಿನವರಿಗೆ ಕಳಿಸಿದರು. ವರ್ಷದ ಕೊನೆಯ ವಾರ ಒಪ್ಪಿಗೆ ಬಂತು. ಅಲ್ಲಿಯವರೆಗೆ ನಾನು ತಿಂದದ್ದು ಏನು, ಮಲಗಿದ್ದು ಯಾವಾಗ, ನೆನಪಿಲ್ಲ. ಭಾವ ವೀಸಾ ನವೀಕರಣಕ್ಕೆ ಸಹಿ ಹಾಕಿ, ಸರ್ಟಿಫಿಕೇಟು ಕೈಗೆ ಬರುವವರೆಗೆ ತಮ್ಮ ಗಡುವನ್ನು ಕೆಲವು ತಿಂಗಳು ಮುಂದೂಡಿದರು.

ಸರ್ಟಿಫಿಕೇಟು ಬಂದದ್ದು ಸೆಖೆ ಮತ್ತೆ ಶುರುವಾದ ಮೇಲೆ. ಹಾರ, ಭಾಷಣ ಏನೂ ಇಲ್ಲ. ಮನಾಮಾದ ಕೇಂದ್ರದ ಎರಡನೆಯ ಮಹಡಿಯ ಒಂದು ಕೌಂಟರ್. ಅಕ್ಕ ಅಂಗಡಿಯಿಂದ ನೇರ ಬಂದಿದ್ದಳು. ಗುಮಾಸ್ತರು ನನ್ನ ಸಿಪಿಆರ್ ಗುರುತಿನ ಕಾರ್ಡು ನೋಡಿ, ಹೆಸರು ಓದಿ, ದಪ್ಪ ಕಾಗದವನ್ನು ಕಿಂಡಿಯಿಂದ ದೂಡಿದರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅಕ್ಕ ನನ್ನ ಭುಜದ ಮೇಲಿಂದ ಇಣುಕಿ, ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರನ್ನು ಪೂರ್ತಿ ಓದಿದಳು. ಮೆಟ್ಟಿಲು ಇಳಿದೆವು. ಕೆಳಗೆ, ಬಿಸಿಲಿಗೆ ಕಾಲಿಡುವ ಮುಂಚೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ನಾಳೆಯಿಂದ ನಿನ್ನ ಟೇಬಲಿಗೆ ಬೇರೆ ಜನ ನೋಡ್ತೇನೆ. ಇವತ್ತೊಂದು ದಿನ ಬಾ, ಘುತ್ರ ರಾಶಿ ಬಿದ್ದುಂಟು."